ನನ್ನ ಸೈಕಲ್ ಏರಿದ ಬೇತಾಳರಾಯರಿಗೆ

ಅನಗೋಳ, ಬೆಳಗಾವಿ
9 ಜನವರಿ 1978

ರಕ್ತಬೀಜಾಸುರ ಕುಲತಿಲಕ, ಸ್ಮಶಾನಭೂಷಣ, ಮೂರೂ ಲೋಕಗಳಲ್ಲಿ ಟಿಕೆಟಿಲ್ಲದೆ ಸಂಚರಿಸುವ ಶ್ರೀಮಾನ್ ಬೇತಾಳರಾಯರ ಕೋರೆಹಲ್ಲುಗಳಿಗೆ ತವನಪ್ಪ ಭೂಪಾಲ ಚೌಗುಲೆಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ಕಳೆದ ಜುಲೈ ತಿಂಗಳಿಂದ ‘ವಾರದ ಕೌತುಕ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿರುವ ‘ಹನಿಗೊಬ್ಬ ಬೇತಾಳ’ ಎಂಬ ಕಾದಂಬರಿಯಿಂದ ವಾರವಾರವೂ ತಿಳಿದುಕೊಳ್ಳುತ್ತಿದ್ದೇನೆ. ಈ ದೂರನ್ನು ನ್ಯಾಯವಾಗಿ ತಮ್ಮನ್ನು ಸೃಷ್ಟಿಸಿದ ಬೆಂಗಳೂರಿನ ಕಾದಂಬರಿಕಾರರು, ‘ನಿಶಾಚರ’ ಎಂಬ ಕಾವ್ಯನಾಮದ ಮಹನೀಯರಿಗೇ ಸಲ್ಲಿಸಬೇಕಿತ್ತು. ಸಲ್ಲಿಸಿಯೂ ಇದ್ದೇನೆ. ಮೊದಲ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ತಮ್ಮ ಕೋರೆಹಲ್ಲಿನ ಚಿತ್ರವಿರುವ ಒಂದು ಕಾರ್ಡು, ಅದರ ಕೆಳಗೆ ‘ಅಭಿಮಾನಿಗೆ ಪ್ರೀತಿಯಿಂದ’ ಎಂಬ ಒಕ್ಕಣೆ ಬಂದಿತು. ಬದುಕಿರುವವರಿಗೆ ಓದಲು ಪುರುಸೊತ್ತಿಲ್ಲ, ಸತ್ತವರಿಗಾದರೂ ಇದ್ದೀತು ಎಂಬ ಭರವಸೆಯಿಂದ ಈಗ ನೇರವಾಗಿ ತಮ್ಮ ಪಾದಗಳಿಗೇ ಬಂದಿದ್ದೇನೆ. ತಮ್ಮ ಪಾದಗಳು ಹಿಮ್ಮುಖವಾಗಿರುವುದರಿಂದ ಯಾವ ಕಡೆಯಿಂದ ಬಂದು ಬೀಳಬೇಕೆಂಬುದೊಂದು ತಿಳಿಯದು, ಕ್ಷಮೆಯಿರಲಿ.

ಮೊದಲು ನನ್ನ ಪರಿಚಯ. ನಾನು ಸರ್ಕಾರದ ಮಲೇರಿಯಾ ಕಾರ್ಯಕರ್ತ. ಎಂಟು ವರ್ಷಗಳಿಂದ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಸೈಕಲ್ ತುಳಿಯುತ್ತ, ಹದಿನೈದು ದಿನಕ್ಕೊಮ್ಮೆ ಪ್ರತಿಯೊಂದು ಮನೆಯ ಬಾಗಿಲಿಗೆ ಹೋಗಿ ‘ಯಾರಿಗಾದರೂ ಜ್ವರ ಬಂದಿತ್ತೇ?’ ಎಂದು ಕೇಳುವುದು ನನ್ನ ಕಸುಬು. ಬಂದಿತ್ತು ಎಂದವರ ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ನಾಲ್ಕು ಕಹಿ ಮಾತ್ರೆ ನುಂಗಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಸಹಿ ಮಾಡಿ ಹೊರಡುತ್ತೇನೆ. ಗಾಜಿನ ಪಟ್ಟಿಗಳು ಬೆಳಗಾವಿಯ ಪ್ರಯೋಗಶಾಲೆಗೆ ಹೋಗುತ್ತವೆ. ಅಲ್ಲಿ ಹನಿಯಲ್ಲಿ ರೋಗಾಣು ಕಂಡರೆ ನಾನು ಮತ್ತೆ ಆ ಮನೆಗೆ ಹೋಗಿ ಪೂರ್ತಿ ಔಷಧ ಕೊಡಿಸುತ್ತೇನೆ. ಹೀಗೆ ನೋಡಿದರೆ ತಾವೂ ನಾನೂ ಒಂದೇ ಇಲಾಖೆಯವರು. ತಾವು ಒಬ್ಬರಿಂದಲೇ ಕೊಡಗಟ್ಟಲೆ ತೆಗೆಯುತ್ತೀರಿ, ನಾನು ಕೊಡದ ಜನರಿಂದ ಹನಿ ಹನಿಯಾಗಿ ತೆಗೆಯುತ್ತೇನೆ. ತಮಗೆ ರಿಜಿಸ್ಟರ್ ಇಲ್ಲ, ಮೇಲಧಿಕಾರಿಗಳಿಲ್ಲ, ಸೈಕಲ್ಲಿನ ಪಂಕ್ಚರ್ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ತಮ್ಮ ಚರಿತ್ರೆಯನ್ನು ಹೊಗಳದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ದೇವಿಯ ಕೈಯಿಂದ ಹತನಾದ ರಕ್ತಬೀಜಾಸುರನ ಒಂದು ಹನಿ ರಕ್ತ ಯಾರ ಕಣ್ಣಿಗೂ ಬೀಳದೆ ಉಳಿದು, ಅದರಿಂದ ತಾವು ಹುಟ್ಟಿ, ವಿಕ್ರಮರಾಜನ ಹೆಗಲಿನ ಬೇತಾಳನ ಹತ್ತಿರ ವಿದ್ಯೆ ಕಲಿತು, ಪಾತಾಳದಿಂದ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರ ಸ್ಟೇಷನ್ನಿನಲ್ಲಿ ಇಳಿದ ಮೊದಲನೆಯ ಅಧ್ಯಾಯವನ್ನು ಓದಿ ನಾನು ರೋಮಾಂಚನಗೊಂಡೆ. ಆ ಗಾಡಿ ಸರಿಯಾದ ವೇಳೆಗೆ ಬಂದು ನಿಂತಿತು ಎಂಬಲ್ಲಿ ಕಾದಂಬರಿಕಾರರ ಕಲ್ಪನಾಶಕ್ತಿಗೆ ಕೈಮುಗಿದೆ. ಐದನೆಯ ಅಧ್ಯಾಯದಲ್ಲಿ ತಾವು ಹಿಂಡಲಗಾ ಜೈಲಿನಿಂದ ಮಂಜಾಗಿ ಪಾರಾದಿರಿ. ಬೆಳಗಾವಿಯ ಮಂಜು ಕಂಡವರಾರೂ ಅದನ್ನು ಅಲ್ಲಗಳೆಯಲಾರರು. ಏಳನೆಯ ಅಧ್ಯಾಯದಲ್ಲಿ ಮಾತ್ರ ಮುಗಳಿಕೊಪ್ಪ ಎಂಬ ನನ್ನ ಹಳ್ಳಿಯ ಹೆಸರನ್ನೇ ಹಾಕಿ, ಅಲ್ಲಿಯ ಗೌಡನ ಉರಿಯುವ ಚಿತೆಯಿಂದ ತಾವು ಎದ್ದುಬಂದಿರೆಂದು ಬರೆದಿದ್ದಾರೆ. ಮಾನ್ಯರೇ, ಮುಗಳಿಕೊಪ್ಪದಲ್ಲಿ ಬಹುಪಾಲು ಬಸವಣ್ಣನ ಮತದವರು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕುಳಿತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಚಿತೆಯ ಮಾತು ಕೇಳಿ ಅಲ್ಲಿಯ ಹಿರಿಯರಾದ ಈರಯ್ಯನವರು, “ನಮ್ಮವರು ಕುಂತ ಇರ್ತಾರ್ರೀ. ಏಳೂದಾಗಿದ್ರ ಇಷ್ಟೊತ್ತಿಗೆ ಎದ್ದ ಬಂದು ಚಾ ಕೇಳ್ತಿದ್ರು” ಎಂದು ನಕ್ಕುಬಿಟ್ಟರು. ಆ ದಿನ ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಲ್ಲಿ ಕಾದಂಬರಿ ಓದಿದವರು ಯಾರು ಎಂದು ತಾವು ಕೇಳಬಹುದು. ಇಲ್ಲಿ ನನ್ನ ಲೇಖನಿ ಸ್ವಲ್ಪ ತಡವರಿಸುತ್ತದೆ. ಓದಿದವನು ನಾನೇ. ಗಾಜಿನ ಪಟ್ಟಿ, ಸೂಜಿ, ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿಗಳ ಜೊತೆಗೆ ‘ವಾರದ ಕೌತುಕ’ವನ್ನೂ ಖಾಕಿ ಚೀಲದಲ್ಲಿ ಹಾಕಿಕೊಂಡು ಬೆಳಗಾವಿಯಿಂದ ಒಯ್ದವನು ನಾನೇ. ನಾನು ಬರುವುದನ್ನು ಕಂಡರೆ ಜನ ಹೊಲದ ಕಡೆ, ಹಳ್ಳದ ಕಡೆ ಚದುರಿಹೋಗುತ್ತಿದ್ದರು. ಕತೆ ಓದಿದರೆ ಒಂದು ಕಡೆ ಕುಳಿತಾರು, ಕುಳಿತವರ ಬೆರಳು ಕೈಗೆ ಸಿಕ್ಕೀತು ಎಂಬುದು ನನ್ನ ಉಪಾಯ. ಉಪಾಯ ಫಲಿಸಿತು. ಮಠದ ಕಟ್ಟೆಯ ಮೇಲೆ ಎರಡು ವಾರದ ಎರಡು ಅಧ್ಯಾಯ ಓದುವುದು, ತಮ್ಮ ಹಲ್ಲು ಯಾರದಾದರೂ ಕುತ್ತಿಗೆಯ ಹತ್ತಿರ ಬಂದಾಗ ನಿಲ್ಲಿಸುವುದು, ‘ಜ್ವರ ಬಂದವರು ಮೊದಲು ಬೆರಳು ಕೊಡಿ, ಆಮೇಲೆ ಮುಂದಿನದು’ ಎನ್ನುವುದು. ಆಗಸ್ಟ್ ತಿಂಗಳಲ್ಲಿ ನಾನು ತೆಗೆದ ರಕ್ತದ ಹನಿಗಳ ಸಂಖ್ಯೆಯನ್ನು ಕಂಡು ಮೇಲಧಿಕಾರಿಗಳು ಬೆನ್ನು ತಟ್ಟಿದರು. ಆ ಕೀರ್ತಿಯಲ್ಲಿ ಅರ್ಧ ತಮ್ಮದು ಎಂದು ನಾನು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಊರುಗೋಲು ಎಂದು ಹಿಡಿದದ್ದು ಹಾವಾಗಿತ್ತು ಎಂಬುದು ಆಗ ಗೊತ್ತಿರಲಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಅದಕ್ಕೂ ಹಿಂದಿನ ಡಿಸೆಂಬರಿನಲ್ಲಿ ಶ್ರೀ ನಿಶಾಚರರು ‘ಸ್ಥಳಾಧ್ಯಯನ’ಕ್ಕೆಂದು ಖಾನಾಪುರಕ್ಕೆ ಬಂದು ಪ್ರವಾಸಿ ಬಂಗಲೆಯಲ್ಲಿ ಮೂರು ದಿನ ಇಳಿದಿದ್ದರು. ಅವರ ಸ್ಥಳಾಧ್ಯಯನ ಬಂಗಲೆಯ ಕಟ್ಟೆಯನ್ನು ದಾಟಿ ಹೋಗಲಿಲ್ಲ, ಏಕೆಂದರೆ ಮೊದಲ ದಿನವೇ ಅವರಿಗೆ ಮೈ ಬಿಸಿಯಾಯಿತು. ಬಂಗಲೆಯ ಕಾವಲುಗಾರ ಮೇಟಿ ನನ್ನನ್ನು ಕರೆಸಿದ. ಪುಸ್ತಕ ಬರೆಯುವವರನ್ನು ನಾನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಹಿಗ್ಗಿನಿಂದ ಹೋದೆ. ಬೆರಳಿಗೆ ಸೂಜಿ ತಾಗಿಸಿದೊಡನೆ ಅವರು ‘ಅಯ್ಯಯ್ಯೋ’ ಎಂದು ಕೈ ಕಿತ್ತುಕೊಂಡ ರಭಸಕ್ಕೆ ಮೊದಲನೆಯ ಹನಿ ಬಂಗಲೆಯ ನೆಲದ ಮೇಲೆ ಬಿತ್ತು. ಎರಡನೆಯ ಹನಿಯನ್ನು ಮೇಟಿ ಅವರ ತೋಳು ಹಿಡಿದುಕೊಂಡ ಮೇಲೆ ಗಾಜಿನ ಪಟ್ಟಿಗೆ ಸವರಿದೆ. ಅಷ್ಟು ದೊಡ್ಡವರು ಅಷ್ಟು ಹೆದರಿದರಲ್ಲ ಎಂದು ಸಮಾಧಾನಕ್ಕಾಗಿ ನನ್ನ ಚೀಲದಲ್ಲಿದ್ದುದನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸಿ, ಹೇಗೆ ಬಾಗಿಲಿಗೆ ಹೋಗುತ್ತೇನೆ, ಏನು ಕೇಳುತ್ತೇನೆ, ಗೋಡೆಯ ಮೇಲೆ ಏನು ಬರೆಯುತ್ತೇನೆ ಎಂದು ಎರಡು ತಾಸು ವಿವರಿಸಿದೆ. ಅವರು ಒಂದು ಸಣ್ಣ ವಹಿಯಲ್ಲಿ ಎಲ್ಲವನ್ನೂ ಬರೆದುಕೊಂಡರು. ಮಲೇರಿಯಾ ನಿರ್ಮೂಲನೆಯ ಬಗ್ಗೆ ಒಂದು ಗ್ರಂಥವೇ ಬರುತ್ತದೆಂದು ನಾನು ಮನೆಗೆ ಬಂದು ನನ್ನ ತಾಯಿ ಅಕ್ಕಾತಾಯಿಯ ಹತ್ತಿರ ಹೇಳಿಕೊಂಡೆ.

ಗ್ರಂಥ ಬಂತು. ಸೆಪ್ಟೆಂಬರಿನ ಒಂದು ಮುಂಜಾನೆ ಮಠದ ಕಟ್ಟೆಯ ಮೇಲೆ ಕುಳಿತು, ಮುಂಚೆ ಓದಿ ನೋಡದೆ, ನಾನು ಒಂಬತ್ತನೆಯ ಅಧ್ಯಾಯವನ್ನು ದೊಡ್ಡ ದನಿಯಲ್ಲಿ ಆರಂಭಿಸಿದೆ. ಅದರಲ್ಲಿ ತಾವು ಮನುಷ್ಯವೇಷ ಧರಿಸಿ ಹಳ್ಳಿಗೆ ಬಂದಿರಿ. ಸೈಕಲ್ ಮೇಲೆ ಬಂದಿರಿ. ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ಬಂದಿರಿ. ಬಾಗಿಲಲ್ಲಿ ನಿಂತು ‘ಯಾರಿಗಾದರೂ ಜ್ವರ ಬಂದಿತ್ತೇ?’ ಎಂದು ಕೇಳಿದಿರಿ. ಅಲ್ಲಿಗೇ ನಿಲ್ಲಿಸಬೇಕಿತ್ತು, ಆದರೆ ಕೇಳುವವರು ಎಂಬತ್ತು ಮಂದಿ, ನಿಲ್ಲಿಸುವುದು ಹೇಗೆ? ಓದಿದೆ. ರಕ್ತ ಹದವಾಗಲೆಂದು ತಾವು ಬಿಳಿಯ ಕಹಿ ಗುಳಿಗೆ ನುಂಗಿಸಿದಿರಿ. ಬೆರಳು ಚುಚ್ಚಿ ಒಂದೇ ಒಂದು ಹನಿಯನ್ನು ಗಾಜಿನ ಮೇಲೆ ತೆಗೆದುಕೊಂಡಿರಿ. ಮತ್ತೆ ಬರಬೇಕಾದ ಮನೆ ಯಾವುದೆಂದು ಗುರುತಿಗಾಗಿ ಗೋಡೆಯ ಮೇಲೆ ತಾರೀಖು ಬರೆದಿರಿ. ಆ ಹನಿ ತಮ್ಮ ಪಾತಾಳದ ಗುಹೆಯನ್ನು ಸೇರಿದೊಡನೆ ರಕ್ತಬೀಜನ ಮಂತ್ರದಿಂದ ಅದರೊಳಗಿಂದ ಅದೇ ಮನುಷ್ಯನಂಥ ಇನ್ನೊಬ್ಬ ಎದ್ದು ನಿಂತ. ಇಲ್ಲಿ ಮೊದಲಿನವನು ದಿನದಿನಕ್ಕೆ ಸೊರಗಿದ. ನಾನು ಪತ್ರಿಕೆಯಿಂದ ತಲೆ ಎತ್ತಿದಾಗ ಎಂಬತ್ತು ಮಂದಿಯಲ್ಲಿ ಒಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ. ಎಲ್ಲರೂ ನನ್ನ ಚೀಲವನ್ನು ನೋಡುತ್ತಿದ್ದರು.

ಮಾನ್ಯರೇ, ತಾವು ಹೊತ್ತಿರುವ ವೇಷ ಯಾರದೆಂಬುದು ತಮಗೆ ಗೊತ್ತಿದೆಯೋ ಇಲ್ಲವೋ. ನಮ್ಮದು ಜೈನರ ಮನೆ. ನೀರನ್ನು ಬಟ್ಟೆಯಲ್ಲಿ ಸೋಸದೆ ನನ್ನ ತಾಯಿ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ನಮ್ಮ ಒಲೆ ಉರಿಯುವುದಿಲ್ಲ. ಹುಟ್ಟಿದಾಗಿನಿಂದ ದೀಪದ ಬೆಳಕಿನಲ್ಲಿ ಒಂದು ತುತ್ತು ಉಣ್ಣದ ನನ್ನನ್ನು ಬೆಳದಿಂಗಳಲ್ಲಿ ರಕ್ತ ಕುಡಿಯಲು ಕೂರಿಸಿದ ಲೇಖಕರ ಪ್ರತಿಭೆಯನ್ನು ಏನೆಂದು ಕೊಂಡಾಡಲಿ? ಸಂಜೆ ಐದಕ್ಕೆಲ್ಲ ಊಟ ಮುಗಿಸುವ ಬೇತಾಳನನ್ನು ಲೋಕದ ಯಾವ ಸಾಹಿತ್ಯವೂ ಕಂಡಿರಲಾರದು. ನನ್ನ ತಾಯಿಗೆ ಈ ವಿಷಯ ತಿಳಿದಾಗ ಆಕೆ ಕೇಳಿದ್ದು ಒಂದೇ ಮಾತು: “ಆ ಮನಶ್ಯಾಗ ನೀ ಏನ್ ಮಾಡಿದ್ದೆಪಾ, ಔಷಧಾ ಕೊಟ್ಟಿದ್ದಿಲ್ಲೇನ?” ಕೊಟ್ಟಿದ್ದೆ. ಅದೇ ತಪ್ಪಾಯಿತು.

ಮುಂದಿನ ಸಲ ಹೋದಾಗ ಮುಗಳಿಕೊಪ್ಪದ ಬಾಗಿಲುಗಳೆಲ್ಲ ಮುಚ್ಚಿದ್ದವು. ಗೋಡೆಗಳ ಮೇಲಿದ್ದ ನನ್ನ ಎಂಟು ವರ್ಷದ ತಾರೀಖು, ಸಹಿಗಳನ್ನು ಸಗಣಿ ಬಳಿದು ಅಳಿಸಿದ್ದರು. ತಪಾಸಣೆಗೆ ಬಂದ ಮೇಲಧಿಕಾರಿಗಳು ಗೋಡೆ ನೋಡಿ, ನಾನು ಮನೆಯಲ್ಲಿ ಮಲಗಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆಂದು ತೀರ್ಮಾನಿಸಿ ಕಾರಣ ಕೇಳಿದರು. ‘ಬೇತಾಳನಿಂದಾಗಿ’ ಎಂದು ಬರೆದುಕೊಡಲು ಸರ್ಕಾರಿ ನಮೂನೆಯಲ್ಲಿ ಜಾಗವಿರಲಿಲ್ಲ.

ಜನರ ಹೆದರಿಕೆ ತಾವು ತಿಳಿದಂಥ ಹೆದರಿಕೆಯಲ್ಲ, ಅದನ್ನೂ ತಮ್ಮ ಗಮನಕ್ಕೆ ತರಬೇಕು. ತಮ್ಮ ಹಲ್ಲಿಗೆ ಅಲ್ಲಿ ಯಾರೂ ಹೆದರಲಿಲ್ಲ. ಬಾಳಪ್ಪ ಎಂಬ ರೈತನ ಉದಾಹರಣೆ ನೋಡಿ. ಅವನಿಗೂ ಅವನ ಅಣ್ಣನಿಗೂ ಹನ್ನೊಂದು ವರ್ಷ ಕೋರ್ಟು ನಡೆದು, ಹೋದ ಬೇಸಿಗೆಯಲ್ಲಷ್ಟೇ ಹೊಲದ ವಾಟಣಿ ಆಗಿತ್ತು. ಎಂದರೆ ಪಾಲಾಗಿ ಅವರವರದು ಅವರವರಿಗೆ ಸೇರಿತ್ತು. ಅವನು ಬಾಗಿಲ ಸಂದಿಯಿಂದಲೇ ನನಗೆ ಹೇಳಿದ: “ಮಾಸ್ತರ, ನೀವು ಒಳ್ಳ್ಯಾವ್ರು, ನಾ ಇಲ್ಲ ಅನ್ನಾಂಗಿಲ್ಲ. ಆದ್ರ ನನ್ನ ರಗತಾ ಬೆಳಗಾವಿಗಿ ಹೋಗಿ ಅಲ್ಲಿ ಇನ್ನೊಬ್ಬ ಬಾಳಪ್ಪ ಎದ್ದ ನಿಂತಾ ಅಂದ್ರ, ಅಂವಾ ಬಂದು ವಾಟಣಿ ಕೇಳಾಂಗಿಲ್ಲೇನ್ರಿ? ಒಬ್ಬ ಅಣ್ಣನ್ನ ಸಂಬಾಳಸೂದ್ರಾಗ ನಂದು ಅರ್ಧಾ ಆಯುಷ್ಯ ಹೋತು.” ಪಾತಾಳದ ಗುಹೆ ಎಂದು ನಿಶಾಚರರು ಬರೆದದ್ದು ಬೆಳಗಾವಿಯ ಪ್ರಯೋಗಶಾಲೆಯೇ ಎಂದು ಊರಿಗೆ ಊರೇ ಅರ್ಥ ಮಾಡಿಕೊಂಡಿತ್ತು. ನನಗೆ ನಗು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅವನ ಬೆನ್ನ ಹಿಂದೆ, ನಡುಮನೆಯಲ್ಲಿ, ಎರಡು ಕಂಬಳಿ ಹೊದ್ದು ಅವನ ಹೆಂಡತಿ ಸಂಗವ್ವ ನಡುಗುತ್ತ ಮಲಗಿದ್ದಳು.

ಸಂಗವ್ವನಿಗೆ ಆಗ ಆರು ತಿಂಗಳು ತುಂಬಿ ಏಳರಲ್ಲಿತ್ತು. ಒಂದು ದಿನ ಬಿಟ್ಟು ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಥಂಡಿ ಬರುವುದು, ಹಲ್ಲು ಕಟಕಟಿಸುವುದು, ಆಮೇಲೆ ಮೈ ಸುಡುವುದು, ಬೆವರಿ ಬಿಡುವುದು. ಎಂಟು ವರ್ಷ ಇದನ್ನೇ ನೋಡಿದವನಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಬಸುರಿಗೆ ಈ ಜ್ವರ ಬಂದು ಬಿಡದೆ ಹೋದರೆ ತಾಯಿ ಉಳಿದರೂ ಕೂಸು ಉಳಿಯುವುದು ಕಷ್ಟ, ಕೆಲವು ಸಲ ಎರಡೂ ಉಳಿಯುವುದಿಲ್ಲ. ಇದನ್ನು ನಾನು ಬಾಳಪ್ಪನಿಗೆ ಹೇಳಿದೆ. ಅವನ ತಾಯಿ ಶಿವಲಿಂಗವ್ವನಿಗೆ ಹೇಳಿದೆ. ಈರಯ್ಯನವರನ್ನು ಕರೆತಂದು ಹೇಳಿಸಿದೆ. ಕೊನೆಗೆ ಸಂಗವ್ವನೇ ಗೋಡೆಗೆ ಒರಗಿ ಎದ್ದು ಕುಳಿತು, “ಅಣ್ಣಾರ, ಬೆಳಗಾವ್ಯಾಗ ಇನ್ನೊಬ್ಬ ಸಂಗವ್ವ ಎದ್ಲಂದ್ರ, ಹೊಟ್ಟ್ಯಾಗಿನ ಕೂಸು ಯಾರ ಕಡೆ ಹೋಗತೈತ್ರಿ?” ಎಂದು ಕೇಳಿದಳು. ಮಾನ್ಯರೇ, ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ದಯಮಾಡಿ ತಿಳಿಸಬೇಕು. ಅಚ್ಚಿನಲ್ಲಿ ಬಂದ ಮಾತನ್ನು ಸುಳ್ಳೆಂದು ಅವರಿಗೆ ಹೇಗೆ ಹೇಳಲಿ? ಎರಡು ತಿಂಗಳ ಕಾಲ ಅದನ್ನು ನಿಜವೆಂಬಂತೆ ಕೈ ತಿರುಗಿಸಿ, ದನಿ ಬದಲಿಸಿ ಓದಿದವನು ನಾನೇ.

ಆ ಸಂಜೆ ಸೈಕಲ್ ತುಳಿದುಕೊಂಡು ಬರುವಾಗ ನನಗೆ ಬಂದ ಸಿಟ್ಟನ್ನು ತಮಗೆ ಹೇಗೆ ತಿಳಿಸಲಿ? ಬೆಂಗಳೂರಿಗೆ ಮೂರು ಪತ್ರ ಬರೆದದ್ದು ಆ ವಾರವೇ. ನನ್ನ ವಿನಂತಿಗಳು ಬಹಳ ಸಣ್ಣವು. ಮುಂದಿನ ಅಧ್ಯಾಯದಲ್ಲಿ ಬೇತಾಳರಾಯರು ಸೈಕಲ್ ಬಿಟ್ಟು ಕುದುರೆ ಏರಲಿ. ಅದಾಗದಿದ್ದರೆ ಖಾಕಿ ಚೀಲದ ಬದಲು ಕಪಾಲ ಹಿಡಿಯಲಿ. ಅದೂ ಆಗದಿದ್ದರೆ ಅವರು ಒಂದೇ ಒಂದು ಸಲ ಖಾನಾಪುರದ ಆಸ್ಪತ್ರೆಯ ಕಡೆ ಬೆರಳು ತೋರಿಸಿ, ‘ಆ ಮಾತ್ರೆಗಳೇ ನನ್ನ ಮೃತ್ಯು’ ಎಂದು ಕಿರುಚಲಿ. ಉತ್ತರವಾಗಿ ಬಂದದ್ದು ಕೋರೆಹಲ್ಲಿನ ಕಾರ್ಡು. ಅದೇ ದಿನ ಬಂದ ಹದಿನೈದನೆಯ ಅಧ್ಯಾಯದಲ್ಲಿ ತಾವು ಒಬ್ಬ ಗರ್ಭಿಣಿಯ ಬಾಗಿಲಿಗೆ ಸೈಕಲ್ ನಿಲ್ಲಿಸಿದ್ದಿರಿ.

ಆಗ ನಾನು ಒಂದು ಅಪರಾಧ ಮಾಡಿದೆ. ಒಂದು ರವಿವಾರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ನಮ್ಮ ಪಡಸಾಲೆಯಲ್ಲಿ ಕುಳಿತು ಹದಿನಾರನೆಯ ಅಧ್ಯಾಯವನ್ನು ನಾನೇ ಬರೆದೆ. ಬರೆದ ಹಾಳೆಗಳನ್ನು ‘ವಾರದ ಕೌತುಕ’ದ ನಡುವೆ ಇಟ್ಟುಕೊಂಡು, ದೀಪಾವಳಿಗೆ ಎಂಟು ದಿನ ಮೊದಲು ಮುಗಳಿಕೊಪ್ಪದ ಮಠದ ಕಟ್ಟೆಯ ಮೇಲೆ ಕುಳಿತೆ. ಬಾಗಿಲು ಮುಚ್ಚಿದವರೂ ಕತೆಗೆ ಬಂದರು. ನನ್ನಿಂದ ಒಂದು ಮಾರು ದೂರ ಕುಳಿತರು, ಆದರೆ ಬಂದರು. ಹೆದರಿಕೆಯೂ ಬೇಕು, ಅದರ ಕತೆಯೂ ಬೇಕು ಎಂಬುದು ಮನುಷ್ಯನ ಗುಣ. ತಮ್ಮ ಅನ್ನ ನಡೆಯುವುದೇ ಅದರಿಂದ. ಬಾಳಪ್ಪ ಬಂದ, ಶಿವಲಿಂಗವ್ವ ಬಂದಳು. ಅವಳ ಮಗ್ಗುಲಲ್ಲಿ ಕಂಬಳಿ ಹೊದ್ದು ಸಂಗವ್ವನೂ ಕುಳಿತಳು. ಅದು ಅವಳಿಗೆ ಥಂಡಿ ಬಿಡುವಿನ ದಿನವಾಗಿತ್ತು.

ನನ್ನ ಅಧ್ಯಾಯದಲ್ಲಿ, ಕ್ಷಮಿಸಿ, ತಾವು ತೀರಿಕೊಳ್ಳುತ್ತೀರಿ. ಖಾನಾಪುರದ ಕಡೆ ಜ್ವರದ ಕಾಲದಲ್ಲಿ ಕಂಡಕಂಡವರ ರಕ್ತ ಕುಡಿದರೆ ಆಗಬೇಕಾದದ್ದೇ ತಮಗೂ ಆಗುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಥಂಡಿ ಹತ್ತಿ, ಕೋರೆಹಲ್ಲುಗಳು ಒಂದಕ್ಕೊಂದು ಬಡಿದು ಚೂರಾಗುತ್ತವೆ. ಬಡಿದ ಹಲ್ಲು ತುಟಿಗೆ ತಾಗಿ ರಕ್ತ ಬರುತ್ತದೆ. ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದಲೂ ಒಬ್ಬೊಬ್ಬ ಬೇತಾಳ ಏಳುತ್ತಾನೆ, ಎದ್ದವನೂ ನಡುಗುತ್ತಲೇ ಏಳುತ್ತಾನೆ. ಸಾವಿರ ಬೇತಾಳರಿಗೆ ಒಂದೇ ಕಂಬಳಿ. ಅವರ ಎಳೆದಾಟದಲ್ಲಿ ಕಂಬಳಿಯೂ ಹರಿದ ಮೇಲೆ, ಆ ಬಿಳಿಯ ಕಹಿ ಗುಳಿಗೆಯೇ ತಮಗೆ ಔಷಧವೆಂದು ಹೊಳೆದು, ಯಾರಾದರೂ ಒಂದು ಗುಳಿಗೆ ಕೊಟ್ಟಾರೆಂದು ತಾವು ಮನೆಮನೆಗೆ ಹೋಗಿ ಬಾಗಿಲು ಬಡಿಯುತ್ತೀರಿ. ತಾವೇ ಹೆದರಿಸಿ ಮುಚ್ಚಿಸಿದ ಬಾಗಿಲುಗಳು ಅವು, ಒಂದೂ ತೆರೆಯುವುದಿಲ್ಲ.

ತಾವು ಪ್ರಾಣ ಬಿಡುವ ಸಾಲಿಗೆ ಬರುವಷ್ಟರಲ್ಲಿ ಶಿವಲಿಂಗವ್ವ ಕೈ ಎತ್ತಿದಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಪ್ರತಿ ಮಹಾನವಮಿಗೆ ಮಠದಲ್ಲಿ ಒಂಬತ್ತು ದಿನ ಪುರಾಣ ಹಚ್ಚಿ ದೇವಿಯ ಕತೆ ಹೇಳಿಸುತ್ತಾರೆ. ಐವತ್ತು ಮಹಾನವಮಿ ಒಂದೂ ಬಿಡದೆ ಕೇಳಿದವಳು ಅವಳು. “ಮಾಸ್ತರ, ಹಂಗ ಓಡಬ್ಯಾಡ್ರಿ. ಎಲ್ಲಿ ಬಿದ್ದ ಹನಿ ಅಂದ್ರಿ?” ಎಂದು ಕೇಳಿದಳು. ‘ನೆಲಕ್ಕೆ ಬಿದ್ದ ಹನಿ’ ಎಂದು ಮತ್ತೆ ಓದಿದೆ. ಹಿಂದಿನ ಅಧ್ಯಾಯಗಳಲ್ಲಿ ನಿಶಾಚರರು ಹನಿ ಗಾಜಿನ ಮೇಲೆ ಬಿದ್ದರೂ, ಅರಿವೆಯ ಮೇಲೆ ಬಿದ್ದರೂ ಬೇತಾಳನನ್ನು ಎಬ್ಬಿಸಿದ್ದರು. ‘ನೆಲಕ್ಕೆ’ ಎಂಬ ಮಾತು ನನ್ನ ಕೈಯಿಂದ ಗೊತ್ತಿಲ್ಲದೆ ಬಿದ್ದದ್ದು, ವಾಕ್ಯಕ್ಕೆ ಸರಿಹೊಂದಲೆಂದು ಬರೆದದ್ದು. ಶಿವಲಿಂಗವ್ವ ಎಲ್ಲರ ಕಡೆ ತಿರುಗಿ ಕುಳಿತು ಹೇಳಿದಳು: “ಅಲ್ರ್ಯೋ, ನಾವು ಮರತೇವಿ ನೋಡ್ರಿ. ನೆಲಕ್ಕ ಬಿದ್ರಷ್ಟ ರಕ್ತಬೀಜ ಹುಟ್ತಾನ. ಅದಕ್ಕಂತನ ಅವ್ವ ನಾಲಿಗಿ ಚಾಚಿ ಒಂದ ಹನಿ ನೆಲಕ್ಕ ಬೀಳಗೊಡಲಿಲ್ಲ, ಅವನ ವಂಶಾನ ಮುಗೀತು. ಮಾಸ್ತರು ಕಾಚಿನ ಪಟ್ಟಿ ಮ್ಯಾಲ ಹಿಡೀತಾರ. ಕಾಚು ಅಂದ್ರ ನೆಲಾ ಏನು?”

ಬಾಳಪ್ಪ ಮನಸ್ಸಿನಲ್ಲೇ ತನ್ನ ಹೊಲದ ನಾಲ್ಕೂ ದಿಕ್ಕಿಗೆ ಒಮ್ಮೆ ಸುತ್ತಿ ಬಂದಂತೆ ಕಂಡಿತು. ಆಮೇಲೆ ಅವನು, “ಹಂಗಾರ ನೆಲಕ್ಕ ಬೀಳದಂಗ ಹಿಡೀಬೇಕು” ಎಂದ. ಈರಯ್ಯನವರು ತಲೆದೂಗಿದರು. ಶಿವಲಿಂಗವ್ವ ಸೊಸೆಯ ಕೈಯನ್ನು ತಾನೇ ಎಳೆದು ನನ್ನ ಮುಂದೆ ಹಿಡಿದಳು, ಮತ್ತು ತನ್ನ ಎಡಗೈಯನ್ನು ಅದರ ಕೆಳಗೆ ಚಾಚಿದಳು. ದಿನವೂ ಸ್ನಾನ ಮಾಡಿ ಲಿಂಗವನ್ನಿಟ್ಟು ಪೂಜಿಸುವ ಅಂಗೈ ಅದು. ಸ್ಪಿರಿಟ್ಟಿನ ಹತ್ತಿಯಿಂದ ಬೆರಳು ಒರೆಸಿ ಸೂಜಿ ಚುಚ್ಚಿದೆ. ಹನಿ ನೆಲಕ್ಕೆ ಬೀಳಲಿಲ್ಲ, ಅವಳ ಅಂಗೈಗೂ ಬೀಳಲಿಲ್ಲ, ಗಾಜಿನ ಮೇಲೆಯೇ ನಿಂತಿತು. ಮಾತ್ರೆಯನ್ನು ಸಂಗವ್ವ ಮುಖ ಸಿಂಡರಿಸಿ ನುಂಗಿದಳು. ಅವಳ ಹಿಂದೆ ಆ ಮುಂಜಾನೆ ಮೂವತ್ತಾರು ಬೆರಳುಗಳು ಬಂದವು, ಮೂವತ್ತಾರರ ಕೆಳಗೂ ಯಾರದಾದರೊಂದು ಅಂಗೈ ಇತ್ತು. ಬಾಳಪ್ಪ ಮಾತ್ರ ತನ್ನ ಬೆರಳಿನ ಕೆಳಗೆ ಹಿಟ್ಟು ನಾದುವ ಒಂದು ಹಿತ್ತಾಳೆಯ ಪರಾತವನ್ನೇ ಹಿಡಿಸಿದ. ವಾಟಣಿಯ ವಿಷಯದಲ್ಲಿ ಅಂಗೈಯನ್ನು ನಂಬುವವನಲ್ಲ ಅವನು.

ಹನ್ನೆರಡು ದಿನದ ಮೇಲೆ ಪ್ರಯೋಗಶಾಲೆಯ ವರದಿ ಬಂತು. ಸಂಗವ್ವನ ಹನಿಯಲ್ಲಿ ರೋಗಾಣು ಇತ್ತು. ಖಾನಾಪುರದ ಡಾಕ್ಟರು ಬಸುರಿಗೆ ತಕ್ಕ ಔಷಧ ಬರೆದುಕೊಟ್ಟರು, ಥಂಡಿ ಬಿಟ್ಟಿತು. ಹೋದ ವಾರ, ಜನವರಿ ಎರಡನೆಯ ತಾರೀಖು, ಅವಳಿಗೆ ಹೆಣ್ಣುಮಗು ಹುಟ್ಟಿದೆ. ತೂಕ ಸ್ವಲ್ಪ ಕಡಿಮೆ, ದನಿ ಸ್ವಲ್ಪ ಹೆಚ್ಚು. ಬಾಗಿಲಲ್ಲಿ ನಿಂತು ‘ಯಾರಿಗಾದರೂ ಜ್ವರ ಬಂದಿತ್ತೇ?’ ಎಂದು ನಾನು ಕೇಳಿದಾಗ ಒಳಗಿನಿಂದ ಉತ್ತರ ಕೊಟ್ಟದ್ದು ಅದೇ. ಕೂಸು ಎಲ್ಲಿಗೂ ಹೋಗಿಲ್ಲ, ತಾಯಿಯ ಕಡೆಯೇ ಇದೆ. ಇದನ್ನು ಬರೆಯುವಾಗ ನನಗಾಗುತ್ತಿರುವ ಸಂತೋಷವನ್ನು ತಮ್ಮಂಥ ಮೃತರಿಗೆ ವಿವರಿಸಿ ಫಲವಿಲ್ಲ.

ಇಷ್ಟಾದ ಮೇಲೆ ಈ ಪತ್ರ ಏಕೆಂದರೆ, ‘ಹನಿಗೊಬ್ಬ ಬೇತಾಳ’ದ ಎರಡನೆಯ ಭಾಗ ಯುಗಾದಿಯಿಂದ ಆರಂಭವಾಗುವುದೆಂದೂ, ಅದರಲ್ಲಿ ತಾವು ಬಾಣಂತಿಯರ ಮನೆಗಳಿಗೆ ಭೇಟಿ ಕೊಡುವಿರೆಂದೂ, ಅದಕ್ಕಾಗಿ ಶ್ರೀ ನಿಶಾಚರರು ಫೆಬ್ರುವರಿಯಲ್ಲಿ ಮತ್ತೊಮ್ಮೆ ಖಾನಾಪುರದ ಬಂಗಲೆಯಲ್ಲಿ ಸ್ಥಳಾಧ್ಯಯನ ಮಾಡುವರೆಂದೂ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳುವುದೇನೆಂದರೆ, ತಾವು ಸತ್ತೇ ಇರುವ ಕೃಪೆ ಮಾಡಬೇಕು. ಮುಗಳಿಕೊಪ್ಪದಲ್ಲಿ ತಮಗಾಗಿ ಒಂದು ಗುಂಡಿ ತೋಡಿ, ಊರಿನ ಹಿರಿಯರ ಮರ್ಯಾದೆಯಲ್ಲೇ ಕುಳಿತ ಭಂಗಿಯಲ್ಲಿ ಕೂರಿಸಲು ಈರಯ್ಯನವರು ಒಪ್ಪಿದ್ದಾರೆ. ಏಳಲೇಬೇಕೆಂಬ ಹಟವಿದ್ದರೆ ಬಂಗಲೆಗೇ ಹೋಗಿ, ತಮ್ಮನ್ನು ಬರೆದವರ ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವರ ಬೆರಳನ್ನೊಮ್ಮೆ ಮೃದುವಾಗಿ ಹಿಡಿದು, ‘ಜ್ವರ ಬಂದಿತ್ತೇ?’ ಎಂದು ಕೇಳಿ ಬರಬೇಕು. ಸೈಕಲ್ ಬೇಕಿದ್ದರೆ ನನ್ನದನ್ನೇ ಒಯ್ಯಬಹುದು. ಈಗಾಗಲೇ ಒಂದು ಸಲ ಕೇಳದೆಯೇ ಒಯ್ದಿದ್ದೀರಿ.

ಇತಿ, ಹಗಲು ಹೊತ್ತಿನ ರಕ್ತಗ್ರಾಹಕನೂ ಸಂಜೆ ಐದರ 
ಊಟದವನೂ ಆದ,
ತಮ್ಮ ವಿಶ್ವಾಸಿ,
ತವನಪ್ಪ ಭೂಪಾಲ ಚೌಗುಲೆ

ತಾ.ಕ.: ನಿಜವಾದ ಹದಿನಾರನೆಯ ಅಧ್ಯಾಯವನ್ನೂ ಆಮೇಲೆ ಮುಗಳಿಕೊಪ್ಪದಲ್ಲಿ ಓದಿದೆ, ಕತೆ ಅರ್ಧಕ್ಕೆ ಬಿಡುವುದು ಸರಿಯಲ್ಲವೆಂದು. ಎರಡು ಪುಟ ಕೇಳುವಷ್ಟರಲ್ಲೇ ಶಿವಲಿಂಗವ್ವ, “ಇದು ಯಾರೋ ಖೊಟ್ಟಿ ಬರದಾರ್ರೀ, ಪುರಾಣ ಗೊತ್ತಿಲ್ದಾವ್ರು. ಸತ್ತಾಂವ ಹೆಂಗ ಬಂದ?” ಎಂದು ಎದ್ದುಹೋದಳು. ಇನ್ನು ನಿಶಾಚರರ ರಕ್ತದ ವರದಿ: 1976ರ ಡಿಸೆಂಬರಿನಲ್ಲಿ ತೆಗೆದ ಅವರ ಹನಿಯಲ್ಲಿ ಏನೂ ಇರಲಿಲ್ಲ ಎಂದು ಆಗಲೇ ಬಂದಿತ್ತು, ತಲೆಯ ವರದಿಯನ್ನು ನಮ್ಮ ಇಲಾಖೆ ಕೊಡುವುದಿಲ್ಲ. ಆದರೆ ಅವರ ಮೊದಲನೆಯ ಹನಿ ಬಂಗಲೆಯ ನೆಲಕ್ಕೆ ಬಿದ್ದದ್ದನ್ನು ನಾನೂ ಮೇಟಿಯೂ ಕಣ್ಣಾರೆ ಕಂಡಿದ್ದೇವೆ. ಅಂದ ಮೇಲೆ ಶಾಸ್ತ್ರಪ್ರಕಾರ ಈಗ ಇಬ್ಬರು ನಿಶಾಚರರಿದ್ದಾರೆ. ಇಬ್ಬರಿಗೂ ವಾಟಣಿ ಆಗಿ, ಬುದ್ಧಿಯೆಲ್ಲ ಒಬ್ಬರ ಪಾಲಿಗೂ ಲೇಖನಿ ಇನ್ನೊಬ್ಬರ ಪಾಲಿಗೂ ಬಂದಂತೆ ಕಾಣುತ್ತದೆ.